ಪರ್ಸಿಸ್ಟೆಂಟ್ ಎಎಫ್ ಅಬ್ಲೇಶನ್: ಯಾರಿಗೆ ಸರಿಯಾದ ಲಯ ಉಳಿಯುತ್ತೆ, ಯಾರಿಗಿಲ್ಲ ಅಂತ ಮೊದಲೇ ಹೇಳೋಕಾಗುತ್ತಾ?

ಎಫ್‌ಅಲೆ (ಚರ್ಚೆ ಶುರುಮಾಡಿದವರು)

ನೇರ ವಿಷಯಕ್ಕೆ ಬರ್ತೀನಿ. 7 ದಿನ ದಾಟಿದರೂ ತಾನಾಗಿ ನಿಲ್ಲದ ಏಟ್ರಿಯಲ್ ಫಿಬ್ರಿಲೇಶನ್‌ಗೆ (ಪರ್ಸಿಸ್ಟೆಂಟ್ ಎಎಫ್; ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಲಯ ತಪ್ಪಿ ನಡುಗೋದು) ಒಂದು ಸಲ ಅಬ್ಲೇಶನ್ (ಕ್ಯಾತಿಟರ್ ಅನ್ನೋ ಸಪೂರ ಕೊಳವೆ ತೂರಿಸಿ ದೋಷದ ಜಾಗ ಸುಡೋದು) ಮಾಡಿದರೆ, ವರ್ಷ ಒಂದೂವರೆ ವರ್ಷದೊಳಗೆ ಹತ್ತಿರ ಹತ್ತಿರ ಅರ್ಧ ಜನಕ್ಕೆ ಮತ್ತೆ ಬರುತ್ತೆ. ನಾಣ್ಯ ಚಿಮ್ಮಿದ ಹಾಗೆ. ಯಾವ ಅರ್ಧ ಅಂತ ಮೊದಲೇ ಗೊತ್ತಾದರೆ ಎಷ್ಟೋ ತೊಂದರೆ ತಪ್ಪುತ್ತೆ.

ಮರುಕಳಿಕೆ ಊಹಿಸೋ ಸ್ಕೋರ್‌ಗಳಿಗೇನೂ ಬರಗಾಲ ಇಲ್ಲ: ಆಪಲ್, ಕ್ಯಾಪ್-ಎಎಫ್, ಡಿಆರ್-ಫ್ಲ್ಯಾಶ್, ಎಂಬಿ-ಲೇಟರ್. ಆದರೆ ಬೇರೆ ಕೇಂದ್ರದ ರೋಗಿಗಳ ಮೇಲೆ ಹಚ್ಚಿ ನೋಡಿದರೆ ಎಯುಸಿ (ಮರುಕಳಿಸೋರನ್ನ ಉಳಿದವರಿಂದ ಬೇರ್ಪಡಿಸೋ ಶಕ್ತಿ, ಗರಿಷ್ಠ 1) 0.6ರ ಆಸುಪಾಸಿಗೆ ಕುಸಿಯುತ್ತೆ. 0.5 ಅಂದರೆ ಕಣ್ಣು ಮುಚ್ಚಿ ಹೇಳಿದ ಹಾಗೆ ಅನ್ನೋದು ನಿಮಗೆ ಗೊತ್ತೇ ಇದೆ.

ಯೋಚನೆ ಹೀಗಿದೆ: ಸುಮಾರು 400 ಕೇಸು, ಎಕೋ, ಇಸಿಜಿ, ರಕ್ತಪರೀಕ್ಷೆ, ಔಷಧಿ ಎಲ್ಲ ಸೇರಿ 60 ಅಂಶ, ಗ್ರೇಡಿಯೆಂಟ್ ಬೂಸ್ಟಿಂಗ್ (ಸಣ್ಣ ಸಣ್ಣ ಮಾಡೆಲ್‌ಗಳನ್ನ ಪೇರಿಸೋ ಯಂತ್ರಕಲಿಕೆ ವಿಧಾನ). ಗುರಿ: 12 ತಿಂಗಳಲ್ಲಿ ಮರುಕಳಿಕೆ ಆಯ್ತೋ ಇಲ್ವೋ. ಯಾವ ಅಂಶ ಇಟ್ಕೋಬೇಕು, ಯಾವುದು ಕಸ?

ತಕರಾರು

400 ಕೇಸಲ್ಲಿ ಅರ್ಧ ಮರುಕಳಿಕೆ ಅಂದ್ರೆ 200 ಘಟನೆ. 60 ಅಂಶಕ್ಕೆ ಹಂಚಿದರೆ ಒಂದಕ್ಕೆ ಮೂರು ಚಿಲ್ಲರೆ. ಸಾದಾ ಲಾಜಿಸ್ಟಿಕ್ ರಿಗ್ರೆಶನ್‌ಗೇ ಹತ್ತಾದರೂ ಬೇಕು ಅಂತಾರೆ, ಬೂಸ್ಟಿಂಗ್‌ಗೆ ಅದಕ್ಕಿಂತ ಎಷ್ಟೋ ಪಟ್ಟು. ನಿಮ್ಮ ಮಾಡೆಲ್ ಕಲಿಯಲ್ಲ, ಉರು ಹೊಡೆಯುತ್ತೆ.

ಲೆಕ್ಕದಮನೆ

ಹಳೆಯ ಸ್ಕೋರ್ ಕುಸಿಯೋದಕ್ಕೆ ಒಂದು ಸರಳ ಕಾರಣ ಇದೆ. ಆಪಲ್‌ನಲ್ಲಿ ಐದು ಅಂಶ: ವಯಸ್ಸು 65 ಮೀರಿದ್ದು, ಎಎಫ್ ಪರ್ಸಿಸ್ಟೆಂಟ್ ಆಗಿರೋದು, ಮೂತ್ರಪಿಂಡದ ಇಜಿಎಫ್‌ಆರ್ (ಸೋಸೋ ಶಕ್ತಿ) 60ಕ್ಕಿಂತ ಕೆಳಗೆ, ಎಡ ಹೃತ್ಕರ್ಣದ ವ್ಯಾಸ 43 ಮಿ.ಮೀ. ಅಥವಾ ಹೆಚ್ಚು, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳೋ ರಕ್ತದ ಪಾಲು) ಶೇ 50ಕ್ಕಿಂತ ಕಡಿಮೆ. ಪ್ರತಿಯೊಂದಕ್ಕೂ ಒಂದು ಅಂಕ. ನಿಮ್ಮ ಗುಂಪಲ್ಲಿ ಎಲ್ಲರೂ ಪರ್ಸಿಸ್ಟೆಂಟ್, ಆ ಅಂಕ ಎಲ್ಲರಿಗೂ ಬಂದೇ ಬರುತ್ತೆ. ಹೆಚ್ಚಿನವರ ಹೃತ್ಕರ್ಣ ಹಿಗ್ಗಿರುತ್ತೆ, ಅದೂ ಹೆಚ್ಚುಕಡಿಮೆ ಎಲ್ಲರಿಗೂ ಸಿಗುತ್ತೆ. ಉಳಿದದ್ದು ಮೂರು. ಬಂದುಹೋಗುವ ಎಎಫ್ ಮತ್ತು ತಾನಾಗಿ ನಿಲ್ಲದ ಎಎಫ್ ಎರಡನ್ನೂ ಬೆರೆಸಿದ ಗುಂಪಲ್ಲಿ ಹುಟ್ಟಿದ ಸ್ಕೋರ್ ಅದು. ಎಎಫ್‌ನ ಬಗೆಯೇ ಅರ್ಧ ಕೆಲಸ ಮಾಡ್ತಿತ್ತು.

ಎಕೋಕಣ್ಣು

ವ್ಯಾಸ ಅನ್ನೋದನ್ನ ಮೊದಲು ಕಸದಬುಟ್ಟಿಗೆ ಹಾಕಿ. ಎಕೋದ (ಹೃದಯದ ಅಲ್ಟ್ರಾಸೌಂಡ್) ಪ್ಯಾರಾಸ್ಟರ್ನಲ್ ನೋಟದಲ್ಲಿ ಸಿಗೋ ಹಿಂದುಮುಂದಿನ ವ್ಯಾಸ ಒಂದೇ ದಿಕ್ಕಿನ ಅಳತೆ. ಮುಂದೆ ಎದೆಮೂಳೆ, ಹಿಂದೆ ಬೆನ್ನುಮೂಳೆ. ಹೃತ್ಕರ್ಣ ಆ ದಿಕ್ಕಲ್ಲಿ ಹಿಗ್ಗೋಕೆ ಜಾಗವೇ ಇಲ್ಲ, ಮೇಲಕ್ಕೂ ಪಕ್ಕಕ್ಕೂ ಹಿಗ್ಗುತ್ತೆ. 42 ಮಿ.ಮೀ. ಇದ್ದರೂ ಗಾತ್ರ ಭಾರೀ ಇರಬಹುದು.

ಬೇಕಾಗಿರೋದು ದೇಹದ ಮೇಲ್ಮೈಗೆ ಭಾಗಿಸಿದ ಗಾತ್ರ. ನಾಲ್ಕು ಕೋಣೆ ಮತ್ತು ಎರಡು ಕೋಣೆಯ ನೋಟ ಎರಡರಲ್ಲೂ, ಮೈಟ್ರಲ್ ಕವಾಟ ತೆರೆಯೋ ಮುಂಚಿನ ಫ್ರೇಮಲ್ಲಿ ಗೆರೆ ಎಳೀಬೇಕು. ಅಪೆಂಡೇಜ್ (ಹೃತ್ಕರ್ಣದ ಪಕ್ಕದ ಸಣ್ಣ ಚೀಲ) ಮತ್ತು ಪಲ್ಮನರಿ ಸಿರೆಗಳ (ಶ್ವಾಸಕೋಶದಿಂದ ರಕ್ತ ತರೋವು) ಬಾಯಿ ಒಳಗೆ ಸೇರಿಸಬಾರದು. ಎರಡು ನೋಟದ ಉದ್ದದಲ್ಲಿ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದು ನೋಟ ಮೊಟಕಾಗಿದೆ ಅಂತ ಅರ್ಥ, ಮತ್ತೆ ತೆಗೀಬೇಕು. ಚದರ ಮೀಟರಿಗೆ 34 ಮಿ.ಲೀ. ದಾಟಿದರೆ ಹಿಗ್ಗಿದೆ ಅನ್ನೋದು. ಎಎಫ್ ನಡೀತಿರುವಾಗ ಒಂದು ಬಡಿತ ನೋಡಿ ಬರೆದುಬಿಟ್ಟರೆ ಅದು ಲಾಟರಿ. ಕನಿಷ್ಠ ಐದು ಬಡಿತದ ಸರಾಸರಿ ತೆಗೆಯಿರಿ.

ಸ್ಟ್ರೇನ್ (ಗೋಡೆ ಎಷ್ಟು ಹಿಗ್ಗುತ್ತೆ ಅನ್ನೋ ಅಳತೆ) ಇದ್ದರೆ ಇನ್ನೂ ಒಳ್ಳೇದು. ಎಎಫ್‌ನಲ್ಲಿ ಹೃತ್ಕರ್ಣ ಕುಗ್ಗಿ ಹಿಂಡೋ ಹಂತವೇ ಇಲ್ಲ, ತುಂಬಿಕೊಳ್ಳೋ ಹಂತದ ಸ್ಟ್ರೇನ್ ಮಾತ್ರ ಸಿಗುತ್ತೆ. ಗೋಡೆ ಗಡುಸಾದಷ್ಟೂ ಅದು ಇಳಿಯುತ್ತೆ. ಸೈನಸ್ ಲಯದಲ್ಲಿ (ಹೃದಯದ ಸಹಜ ಲಯ) ಅಳೆದದ್ದನ್ನೂ ಎಎಫ್‌ನಲ್ಲಿ ಅಳೆದದ್ದನ್ನೂ ಒಂದೇ ಕಾಲಮ್ಮಿಗೆ ತುಂಬಬೇಡಿ. ಬಹಳ ಜನ ಎಡವೋದು ಇಲ್ಲೇ.

ವಿ1ಲೀಡ್

ಎಕೋದವರು ಎಕೋ ಅಂತಾರೆ, ನಾನು ಇಸಿಜಿ ಅಂತೀನಿ. ಖರ್ಚಿಲ್ಲದ ಮಾಹಿತಿ ಕಾಗದದ ಮೇಲೇ ಬಿದ್ದಿರುತ್ತೆ, ಯಾರೂ ನೋಡಲ್ಲ.

ಇಸಿಜಿಯ ವಿ1 ಲೀಡ್‌ನಲ್ಲಿ ಕಾಣೋ, ಹೃತ್ಕರ್ಣದ ನಡುಕ ತೋರಿಸೋ ಸಣ್ಣ ಎಫ್ ಅಲೆಗಳ ವೇಗ ಹೃತ್ಕರ್ಣ ಎಷ್ಟು ಹಾಳಾಗಿದೆ ಅಂತ ಹೇಳುತ್ತೆ. ಹತ್ತು ಸೆಕೆಂಡಿನ ಪಟ್ಟಿ ಸಾಲದು, ಒಂದು ನಿಮಿಷ ದಾಖಲಿಸಿ. ಕೆಳಗಿನ ಕೋಣೆಗಳಿಂದ (ಕುಹರ) ಬರೋ ಕ್ಯೂಆರ್‌ಎಸ್ ಮತ್ತು ಟಿ ಅಲೆಯ ಸರಾಸರಿ ಮಾದರಿ ಮಾಡಿ ಪ್ರತಿ ಬಡಿತದಿಂದ ಕಳೀರಿ. ಉಳಿದ ಸಂಕೇತದ ಸ್ಪೆಕ್ಟ್ರಮ್‌ನಲ್ಲಿ 4ರಿಂದ 10 ಹರ್ಟ್ಸ್ ಒಳಗಿನ ಎತ್ತರದ ಶಿಖರ ಹುಡುಕಿ. 1000ವನ್ನು ಅದರಿಂದ ಭಾಗಿಸಿದರೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಆವರ್ತ ಕಾಲ. 7 ಹರ್ಟ್ಸ್ ಅಂದರೆ 143, 5.5 ಅಂದರೆ 182. ಆವರ್ತ ಉದ್ದ ಇದ್ದಷ್ಟೂ ಎಎಫ್ ಅಬ್ಲೇಶನ್‌ಗೆ ಬಗ್ಗುತ್ತೆ. ಅಲೆಯ ಎತ್ತರವೂ ಮುಖ್ಯ: 0.1 ಮಿಲಿವೋಲ್ಟ್‌ಗಿಂತ ಸಣ್ಣ ಅಲೆಗಳು ಒಳ್ಳೆ ಲಕ್ಷಣ ಅಲ್ಲ.

ಎರಡು ಗುಂಡಿ ಇವೆ. ಕ್ಯೂಆರ್‌ಎಸ್ ಸರಿಯಾಗಿ ಕಳೆಯದಿದ್ದರೆ ಶಿಖರ ಅಂತ ಸಿಗೋದು ಕುಹರದ ವೇಗದ ಗುಣಕ. ಇನ್ನೊಂದು, ಅಮಿಯೋಡರೋನ್ ಅನ್ನೋ ಲಯದ ಔಷಧಿ ಆವರ್ತವನ್ನ ಉದ್ದ ಮಾಡುತ್ತೆ. ಔಷಧಿ ತಗೊಂಡವರು ನಿಜಕ್ಕಿಂತ ಚೆನ್ನಾಗಿದ್ದಾರೆ ಅಂತ ಮಾಡೆಲ್ ನಂಬಿಬಿಡುತ್ತೆ.

ಸಣ್ಣಅನುಮಾನ

ಎಎಫ್ ಶುರುವಾಗಿ ಎಷ್ಟು ತಿಂಗಳಾಯ್ತು ಅನ್ನೋದು ಎಲ್ಲಕ್ಕಿಂತ ದೊಡ್ಡ ಅಂಶ ಅಲ್ವಾ?

ತಕರಾರು

ಶುರುವಾದ ದಿನ ಯಾರಿಗೆ ಗೊತ್ತು? ಗೊತ್ತಾದ ದಿನ ಮಾತ್ರ ಗೊತ್ತು. ಸುಸ್ತಷ್ಟೇ ಇರೋರಿಗೆ ವರ್ಷಗಟ್ಟಲೆ ಎಎಫ್ ಇದ್ದು ಬೇರೇನೋ ಪರೀಕ್ಷೆಗೆ ಹೋದಾಗ ಸಿಗುತ್ತೆ. ಎದೆ ಢವಢವ ಅನ್ನೋರಿಗೆ ಎರಡನೇ ದಿನವೇ ಸಿಗುತ್ತೆ.

ಲೆಕ್ಕದಮನೆ

ಪತ್ತೆಯಾದ ದಿನದಿಂದ ಅಬ್ಲೇಶನ್‌ವರೆಗಿನ ಅವಧಿ ಒಂದು ವರ್ಷದೊಳಗಿದ್ದರೆ ಮರುಕಳಿಕೆ ಕಡಿಮೆ ಅಂತ ಹಿಂದಿನ ದಾಖಲೆ ನೋಡಿದ ಅಧ್ಯಯನಗಳೆಲ್ಲ ಹೇಳಿದವು. ಆಮೇಲೆ 2023ರಲ್ಲಿ ಚೀಟಿ ಎತ್ತಿದ ಹಾಗೆ ಹಂಚಿ ನೋಡಿದರು: ಒಂದು ಗುಂಪಿಗೆ ಒಂದು ತಿಂಗಳೊಳಗೆ, ಇನ್ನೊಂದಕ್ಕೆ 12 ತಿಂಗಳು ಔಷಧಿ ಕೊಟ್ಟು ಆಮೇಲೆ. ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಪ್ರಯೋಗ, ನೂರರ ಆಸುಪಾಸಿನ ರೋಗಿಗಳು, ಕಾಯ್ದದ್ದೂ ಒಂದೇ ವರ್ಷ. ಹಾಗಂತ ಐದು ವರ್ಷ ಕಾಯಬಹುದು ಅಂತಲ್ಲ. ಆದರೆ ಬೇಗ ಬಂದವರು ಆರೋಗ್ಯವಂತರೂ ಆಗಿದ್ದರು ಅನ್ನೋ ಬೆರಕೆ ಹಿಂದಿನ ಲೆಕ್ಕದಲ್ಲಿ ಇರಬಹುದು. ಸತತ 12 ತಿಂಗಳು ದಾಟಿದೆಯಾ ಅನ್ನೋ ಗೆರೆ ಮಾತ್ರ ಇಟ್ಟುಕೊಳ್ಳಿ. ಅದು ವ್ಯಾಖ್ಯೆಯಲ್ಲೇ ಇದೆ.

ಅರೆಗಾಯ

ಇಷ್ಟೊತ್ತು ಫೈಬ್ರೋಸಿಸ್ (ಗೋಡೆಯಲ್ಲಿ ಗಾಯದ ಅಂಗಾಂಶ ಬೆಳೆಯೋದು) ಹೆಸರೇ ಬರಲಿಲ್ವಲ್ಲ! ಡಿಕಾಫ್ ಅಧ್ಯಯನ, 2014. ಗ್ಯಾಡೋಲಿನಿಯಂ ಕೊಟ್ಟು ತಡವಾಗಿ ತೆಗೆದ ಎಂಆರ್‌ಐನಲ್ಲಿ ಎಡ ಹೃತ್ಕರ್ಣದ ಗೋಡೆಯ ಶೇ ಎಷ್ಟು ಗಾಯದ ಅಂಗಾಂಶ ಅಂತ ಅಳೆದು ನಾಲ್ಕು ಹಂತ ಮಾಡಿದರು: ಶೇ 10ಕ್ಕಿಂತ ಕಡಿಮೆ, 10–20, 20–30, 30 ಮತ್ತು ಮೇಲೆ. ಮೊದಲ ಹಂತದಲ್ಲಿ ಮರುಕಳಿಕೆ ಶೇ 15ರಷ್ಟು, ಕೊನೆಯ ಹಂತದಲ್ಲಿ ಶೇ 51. ಇದಕ್ಕಿಂತ ಬೇರೇನು ಬೇಕು?

ಕ್ಯಾತಿಟರ್‌ಕೈ

ಬೇಕು. ಅದರ ಎರಡನೇ ಭಾಗ ಓದಿ. ಡಿಕಾಫ್ 2, 2022, 843 ಜನ, ಎಲ್ಲರೂ ಪರ್ಸಿಸ್ಟೆಂಟ್. ಎಂಆರ್‌ಐ ತೋರಿಸಿದ ಗಾಯವನ್ನೇ ಗುರಿ ಇಟ್ಟು ಸುಟ್ಟರು. ಮರುಕಳಿಕೆ ಶೇ 43 ವರ್ಸಸ್ ಶೇ 46.1, ಅಂಕಿಶಾಸ್ತ್ರದ ಪ್ರಕಾರ ವ್ಯತ್ಯಾಸ ಇಲ್ಲ. ಮೇಲಿಂದ ಪಾರ್ಶ್ವವಾಯು ಹೆಚ್ಚಾಗಿದ್ದು ಗಾಯ ಸುಟ್ಟ ಗುಂಪಲ್ಲೇ.

ಅರೆಗಾಯ

ಅದು ಚಿಕಿತ್ಸೆಯ ಸೋಲು, ಭವಿಷ್ಯ ಹೇಳೋದರ ಸೋಲಲ್ಲ. ಕೂದಲು ನೆರೆತದ್ದು ವಯಸ್ಸು ಹೇಳುತ್ತೆ, ಕೂದಲಿಗೆ ಬಣ್ಣ ಹಚ್ಚಿದರೆ ವಯಸ್ಸು ಇಳಿಯಲ್ಲ.

ಕ್ಯಾತಿಟರ್‌ಕೈ

ಒಪ್ಪಿದೆ. ಆದರೂ ಆ ಶೇಕಡಾ ಅಳೆಯೋದು ಹೇಗೆ ಅಂತ ಕೇಳಿ. ಹೃತ್ಕರ್ಣದ ಗೋಡೆ 2–3 ಮಿ.ಮೀ. ದಪ್ಪ, ಎಂಆರ್‌ಐನ ಒಂದು ಚೌಕವೂ ಹೆಚ್ಚುಕಡಿಮೆ ಅಷ್ಟೇ. ಉಸಿರು ಹಿಂಬಾಲಿಸಿ, ಇಸಿಜಿಗೆ ಹೊಂದಿಸಿ, ಕಾಂಟ್ರಾಸ್ಟ್ ಕೊಟ್ಟು ಕಾಲು ಗಂಟೆ ಕಾದು ತೆಗೀಬೇಕು. ಎಎಫ್‌ನಲ್ಲಿ ಬಡಿತದ ಅಂತರವೇ ಏರುಪೇರು, ಚಿತ್ರ ಮಸುಕಾಗುತ್ತೆ. ಗಾಯ ಅನ್ನೋ ಹೊಳಪಿನ ಗೆರೆಯನ್ನ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಇಡ್ತಾರೆ. ಅದೇ ಚಿತ್ರ, ಶೇ 12 ಕೂಡ ಬರಬಹುದು, ಶೇ 25 ಕೂಡ.

ಕ್ಯಾತಿಟರ್ ಒಳಗೋಡೆಗೆ ತಾಗಿಸಿ ಅಳೆಯೋ ವೋಲ್ಟೇಜ್ ನಕ್ಷೆ ಅದಕ್ಕಿಂತ ನಂಬಿಕಸ್ತ. 0.5 ಮಿಲಿವೋಲ್ಟ್‌ಗಿಂತ ಕೆಳಗಿನ ಜಾಗ ಎಷ್ಟು ಅಂತ ನೋಡೋದು. 2022ರ ಇರೇಸ್-ಎಎಫ್ ಪ್ರಯೋಗದಲ್ಲಿ ಕಡಿಮೆ ವೋಲ್ಟೇಜ್ ಜಾಗವನ್ನೂ ಸುಟ್ಟಾಗ ಮರುಕಳಿಕೆ ಶೇ 50ರಿಂದ 35ಕ್ಕೆ ಇಳೀತು. ಆದರೆ ಸೈನಸ್ ಲಯದಲ್ಲಿ ಅಳೆದ 0.5 ಬೇರೆ, ಎಎಫ್‌ನಲ್ಲಿ ಅಳೆದ 0.5 ಬೇರೆ. ಎಎಫ್‌ನಲ್ಲಿ ಎಲ್ಲವೂ ತಗ್ಗಿ ಕಾಣುತ್ತೆ. 3.5 ಮಿ.ಮೀ. ತುದಿಯ ಕ್ಯಾತಿಟರ್ ಮತ್ತು 1 ಮಿ.ಮೀ. ಎಲೆಕ್ಟ್ರೋಡಿನ ಕ್ಯಾತಿಟರ್ ಒಂದೇ ಜಾಗದಲ್ಲಿ ಬೇರೆ ಬೇರೆ ಅಂಕಿ ಕೊಡ್ತವೆ. ಗೋಡೆಗೆ ಸರಿಯಾಗಿ ತಾಗದಿದ್ದರೆ ಆರೋಗ್ಯದ ಅಂಗಾಂಶವೂ ಗಾಯದ ಹಾಗೆ ಕಾಣುತ್ತೆ.

ಲೆಕ್ಕದಮನೆ

ನಕ್ಷೆ ಸಿಗೋದು ರೋಗಿ ಮೇಜಿನ ಮೇಲೆ ಮಲಗಿದ ಮೇಲೆ! ಅಬ್ಲೇಶನ್ ಮಾಡಬೇಕಾ ಬೇಡವಾ ಅನ್ನೋ ತೀರ್ಮಾನ ಆಗಲೇ ಮುಗಿದಿರುತ್ತೆ. ಭವಿಷ್ಯ ಯಾವ ಗಳಿಗೆಯಲ್ಲಿ ಹೇಳ್ತೀರಿ ಅಂತ ಮೊದಲು ಗೂಟ ಹೊಡೆದುಕೊಳ್ಳಿ, ಆ ಗಳಿಗೆಗೆ ಮುಂಚೆ ಗೊತ್ತಿರೋದು ಮಾತ್ರ ಒಳಗೆ. ಎಂಬಿ-ಲೇಟರ್ ಸ್ಕೋರ್‌ನಲ್ಲಿ ಅಬ್ಲೇಶನ್ ನಂತರದ ಮೊದಲ ವಾರಗಳ ಮರುಕಳಿಕೆಯೂ ಒಂದು ಅಂಶ. ಅದನ್ನ ತಡವಾದ ಮರುಕಳಿಕೆ ಹೇಳೋಕೆ ಬಳಸಬಹುದು, ರೋಗಿಯನ್ನ ಆರಿಸೋಕೆ ಬಳಸಿದರೆ ಉತ್ತರಪತ್ರಿಕೆ ನೋಡಿ ಪರೀಕ್ಷೆ ಬರೆದ ಹಾಗೆ.

ಇದೇ ಜಾತಿಯ ಸೋರಿಕೆ ಇನ್ನೂ ಇವೆ. ಎರಡು ಸಲ ಅಬ್ಲೇಶನ್ ಆದ ರೋಗಿಯ ಒಂದು ಸಾಲು ತರಬೇತಿಗೆ, ಇನ್ನೊಂದು ಪರೀಕ್ಷೆಗೆ ಹೋಗಿರುತ್ತೆ. ಖಾಲಿ ಜಾಗ ತುಂಬೋ ಕೆಲಸ, ಅಂಶ ಆರಿಸೋ ಕೆಲಸ ಎಲ್ಲ ದತ್ತಾಂಶದ ಮೇಲೂ ಮಾಡಿ ಆಮೇಲೆ ಭಾಗ ಮಾಡಿರ್ತಾರೆ. ಎಯುಸಿ 0.85 ಅಂತ ಬರುತ್ತೆ, ಎಲ್ಲರೂ ಚಪ್ಪಾಳೆ ತಟ್ತಾರೆ, ಪಕ್ಕದ ಆಸ್ಪತ್ರೆಯಲ್ಲಿ 0.6.

ಮೌನಹೋಲ್ಟರ್

ಅಂಶಗಳ ಬಗ್ಗೆ ಇಷ್ಟು ಜಗಳ ಆಡ್ತಿದ್ದೀರಿ, ಗುರಿಯ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಮಾಡೆಲ್‌ಗಳು ಸೋಲೋದು ಅಲ್ಲೇ ಅನ್ನೋದು ನನ್ನ ವಾದ.

ಮರುಕಳಿಕೆ ಅಂದರೆ 30 ಸೆಕೆಂಡಿಗೂ ಮೀರಿದ ಎಎಫ್, ಫ್ಲಟ್ಟರ್ ಅಥವಾ ಏಟ್ರಿಯಲ್ ಟ್ಯಾಕಿಕಾರ್ಡಿಯ (ಹೃತ್ಕರ್ಣದ ಇನ್ನೆರಡು ವೇಗದ ಲಯದೋಷ). ವರ್ಷಕ್ಕೊಮ್ಮೆ 31 ಸೆಕೆಂಡು ಬಂದವರೂ ಸೋತವರು, ವರ್ಷಪೂರ್ತಿ ಎಎಫ್‌ನಲ್ಲೇ ಇರೋರೂ ಸೋತವರು. ಇಬ್ಬರಿಗೂ '1'. ಈ ಎರಡು '1'ಗಳ ನಡುವೆ ಹೃತ್ಕರ್ಣದ ಗಾತ್ರ ಹೋಲುವ ಅಗತ್ಯವೇ ಇಲ್ಲ.

ಇನ್ನು ಹುಡುಕೋ ಜೋರು. ಮೂರು ತಿಂಗಳಿಗೊಮ್ಮೆ 24 ಗಂಟೆ ಹೋಲ್ಟರ್ (ಮೈಗೆ ಕಟ್ಟೋ ಇಸಿಜಿ ಯಂತ್ರ) ಹಾಕಿದ ಕೇಂದ್ರದಲ್ಲಿ ಯಶಸ್ಸು ಹೆಚ್ಚು, ಚರ್ಮದಡಿ ಲೂಪ್ ರೆಕಾರ್ಡರ್ ಇಟ್ಟ ಕೇಂದ್ರದಲ್ಲಿ ಕಡಿಮೆ, ಕೈಚಳಕ ಒಂದೇ ಇದ್ದರೂ. ಹುಡುಕದಿದ್ದರೆ ಸಿಗಲ್ಲ, ಅಷ್ಟೇ. ನಿಮ್ಮ 400 ಜನರಲ್ಲಿ ತೊಂದರೆ ಹೇಳಿಕೊಂಡು ಬಂದವರಿಗೆ ಹೆಚ್ಚು ಇಸಿಜಿ ಆಗಿರುತ್ತೆ. ಆಗ ಮಾಡೆಲ್ ಕಲಿಯೋದು ಯಾರಿಗೆ ಎಎಫ್ ಬರುತ್ತೆ ಅಂತಲ್ಲ, ಯಾರು ಆಸ್ಪತ್ರೆಗೆ ಬರ್ತಾರೆ ಅಂತ.

ಎಫ್‌ಅಲೆ

ಅಯ್ಯೋ, ಅದು ಹೊಳೆದಿರಲಿಲ್ಲ. ಬ್ಲಾಂಕಿಂಗ್ ಅವಧಿ (ಅಬ್ಲೇಶನ್ ಆದ ಮೇಲೆ ಮರುಕಳಿಕೆ ಲೆಕ್ಕಕ್ಕೆ ಹಿಡಿಯದ ಸಮಯ) 3 ತಿಂಗಳು ಅಂತ ಇಟ್ಟಿದ್ದೆ, ಅದಾದರೂ ಸರಿಯಾ?

ಮೌನಹೋಲ್ಟರ್

ಹಿಂದೆ 3 ತಿಂಗಳು. 2024ರ ಅಂತರರಾಷ್ಟ್ರೀಯ ಒಮ್ಮತದಲ್ಲಿ 8 ವಾರಕ್ಕೆ ಇಳಿಸಿದರು. ಹಳೇ ಕೇಸಿಗೆ ಒಂದು, ಹೊಸದಕ್ಕೆ ಇನ್ನೊಂದು ಅಂತ ಬೆರೆಸಬೇಡಿ. ಯಾವುದಾದರೂ ಒಂದು ಹಿಡಿದು ಎಲ್ಲರಿಗೂ ಅದೇ.

ವಿ1ಲೀಡ್

ಗುರಿಯನ್ನ ಹೇಗೆ ಹೆಸರಿಸ್ತೀವಿ ಅನ್ನೋದರಲ್ಲೇ ಮೋಸ ಇರೋದಕ್ಕೆ ಟೇಲರ್ಡ್-ಎಎಫ್ ಪ್ರಯೋಗ ಒಳ್ಳೇ ಉದಾಹರಣೆ. ಕೃತಕ ಬುದ್ಧಿಮತ್ತೆ ತೋರಿಸಿದ ಜಾಗವನ್ನೂ ಸೇರಿಸಿ ಸುಟ್ಟಾಗ 12 ತಿಂಗಳಿಗೆ ಎಎಫ್ ಇಲ್ಲದವರು ಶೇ 88, ಬರೀ ಪಲ್ಮನರಿ ಸಿರೆಗಳ ಸುತ್ತ ಸುಟ್ಟು ಬೇರ್ಪಡಿಸಿದವರಲ್ಲಿ ಶೇ 70. ಎಎಫ್ ಒಂದನ್ನೇ ಅಲ್ಲದೆ ಎಲ್ಲ ಬಗೆಯ ಲಯದೋಷ ಸೇರಿಸಿ, ಒಂದೇ ಸಲದ ಅಬ್ಲೇಶನ್ ಅಂತ ಎಣಿಸಿದರೆ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಎಎಫ್ ಹೋಗಿ ಟ್ಯಾಕಿಕಾರ್ಡಿಯ ಬಂತು. ಗೆದ್ದರಾ ಸೋತರಾ? ಕೇಳಿದ ಪ್ರಶ್ನೆ ಮೇಲೆ ಹೋಗುತ್ತೆ.

ಭಾಷೆಭೂತ

ವಿಷಯಾಂತರಕ್ಕೆ ಕ್ಷಮೆ ಇರಲಿ. 'ಹೃತ್ಕರ್ಣ ಕಂಪನ' ಅಂತ ಚಂದದ ಪದ ಇರುವಾಗ ಎಲ್ಲರೂ ಎಎಫ್ ಎಎಫ್ ಅಂತೀರಲ್ಲ?

ತಕರಾರು

ನಿಮಿಷಕ್ಕೆ 400 ಸಲ ಹೇಳಬೇಕಾದರೆ ಚಿಕ್ಕ ಪದವೇ ಬೇಕು ಸ್ವಾಮಿ.

ಕ್ಯಾತಿಟರ್‌ಕೈ

ಮೌನಹೋಲ್ಟರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸಿ. '1' ಅನ್ನೋದರ ಒಳಗೆ ಎರಡು ಬೇರೆ ಸೋಲುಗಳಿವೆ.

ಒಂದು, ಸಿರೆ ಮತ್ತೆ ಬೆಸೆದುಕೊಂಡದ್ದು. ನಾಲ್ಕು ಪಲ್ಮನರಿ ಸಿರೆಗಳ ಸುತ್ತ ಸುಟ್ಟ ಗೆರೆಯಲ್ಲಿ ಒಂದು ಸಣ್ಣ ಕಿಂಡಿ ಉಳಿದರೂ ಸಾಕು. ಇದು ರೋಗಿಯ ಗುಣ ಅಲ್ಲ, ಗೆರೆಯ ಗುಣ. ರೇಡಿಯೋಫ್ರೀಕ್ವೆನ್ಸಿಯಲ್ಲಿ (ಶಾಖದಿಂದ ಸುಡೋ ವಿಧಾನ) ಪಕ್ಕಪಕ್ಕದ ಎರಡು ಸುಟ್ಟ ಬಿಂದುಗಳ ನಡುವೆ 6 ಮಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು, ಅಬ್ಲೇಶನ್ ಇಂಡೆಕ್ಸ್ (ಎಷ್ಟು ಸುಟ್ಟಿದೆ ಅನ್ನೋ ಅಳತೆ) ಹಿಂಗೋಡೆಯಲ್ಲಿ 400, ಮುಂಗೋಡೆಯಲ್ಲಿ 550 ಮುಟ್ಟಬೇಕು ಅಂತ ಕ್ಲೋಸ್ ವಿಧಾನ ಬಂದದ್ದೇ ಇದಕ್ಕೆ. ಹಿಂಗೋಡೆಗೆ ಅನ್ನನಾಳ ಅಂಟಿಕೊಂಡಿರೋದರಿಂದ ಅಲ್ಲಿ ಕೈ ಹಿಡಿತದಲ್ಲಿರುತ್ತೆ, ಕಿಂಡಿ ಉಳಿಯೋಕೆ ಅದೂ ಒಂದು ಕಾರಣ.

ಎರಡು, ಸಿರೆಗಳೆಲ್ಲ ಚೆನ್ನಾಗಿ ಬೇರ್ಪಟ್ಟಿವೆ, ಆದರೂ ಎಎಫ್. ಆಗ ತಪ್ಪು ಹೃತ್ಕರ್ಣದ ಗೋಡೆಯದ್ದು. ಫೈಬ್ರೋಸಿಸ್, ಗಾತ್ರ, ಎಫ್ ಅಲೆ ಇವೆಲ್ಲ ಹೇಳಬಲ್ಲದ್ದು ಈ ಎರಡನೆಯದನ್ನ ಮಾತ್ರ. ಎರಡನ್ನೂ ಕಲಸಿ ಒಂದೇ ಮಾಡೆಲ್‌ಗೆ ಕೊಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ.

ಪಲ್ಸ್ಡ್ ಫೀಲ್ಡ್ (ಶಾಖದ ಬದಲು ವಿದ್ಯುತ್ ತುಡಿತ ಬಳಸೋ ಅಬ್ಲೇಶನ್) ಬಂದ ಮೇಲೆ ಈ ಅನುಪಾತ ಬದಲಾಗ್ತಿರಬಹುದು. ಹಾಗಾಗಿ ರೇಡಿಯೋಫ್ರೀಕ್ವೆನ್ಸಿ ಕಾಲದ ದತ್ತಾಂಶದಿಂದ ಕಲಿತದ್ದನ್ನ ಕಣ್ಣುಮುಚ್ಚಿ ಅದಕ್ಕೆ ಹಚ್ಚಬೇಡಿ. ಹಾಗಂತ ಅದು ಮಂತ್ರದಂಡವೂ ಅಲ್ಲ. 2023ರ ಪಲ್ಸ್ಡ್ ಎಎಫ್ ಅಧ್ಯಯನದಲ್ಲಿ ಪರ್ಸಿಸ್ಟೆಂಟ್ ಗುಂಪಿನ ಒಂದು ವರ್ಷದ ಯಶಸ್ಸು ಶೇ 55ರಷ್ಟೇ.

ಅರೆಗಾಯ

ಹಾಗಾದರೆ ಸಿರೆಗಳ ಜೊತೆ ಹೃತ್ಕರ್ಣದ ಗೋಡೆಯಲ್ಲೂ ಸುಟ್ಟ ಗೆರೆಗಳನ್ನ ಎಳೆದುಬಿಟ್ಟರೆ?

ಕ್ಯಾತಿಟರ್‌ಕೈ

ಆ ಹಾಡು ಹಳೇದಾಯ್ತು. ಸ್ಟಾರ್ ಎಎಫ್ 2, 2015, 589 ಜನ: 18 ತಿಂಗಳಿಗೆ ಎಎಫ್ ಇಲ್ಲದವರು ಬರೀ ಸಿರೆ ಮಾಡಿದರೆ ಶೇ 59, ಗೆರೆ ಸೇರಿಸಿದರೆ ಶೇ 46. ಕ್ಯಾಪ್ಲಾ, 2023: ಹಿಂಗೋಡೆ ಪೂರ್ತಿ ಬೇರ್ಪಡಿಸಿದರೂ ಶೇ 52.4, ಬಿಟ್ಟರೂ ಶೇ 53.6. ಅರೆಬರೆ ಎಳೆದ ಗೆರೆ ಹೊಸ ಫ್ಲಟ್ಟರ್‌ಗೆ ದಾರಿ ಮಾಡಿಕೊಡುತ್ತೆ. ಮಾರ್ಶಲ್ ಸಿರೆಗೆ ಎಥನಾಲ್ ಬಿಟ್ಟ ವೀನಸ್ ಪ್ರಯೋಗದಲ್ಲಿ ಲಾಭ ಕಂಡಿತು, ಶೇ 38ರಿಂದ 49. ಅಲ್ಲಿ ಮೈಟ್ರಲ್ ಇಸ್ತ್‌ಮಸ್ (ಮೈಟ್ರಲ್ ಕವಾಟದ ಪಕ್ಕದ ವಿದ್ಯುತ್ ದಾರಿ) ಪೂರ್ತಿ ಮುಚ್ಚೋಕೆ ಅದು ನೆರವಾಗುತ್ತೆ. ಯಾವ ವಿಧಾನ ಮಾಡಿದ್ದಾರೆ ಅನ್ನೋ ಕಾಲಮ್ಮು ನಿಮ್ಮ ದತ್ತಾಂಶದಲ್ಲಿ ಇರಲೇಬೇಕು.

ಸಣ್ಣಅನುಮಾನ

ಮಾಡೆಲ್ 'ಯಶಸ್ಸು ಖಚಿತ' ಅಂದರೆ ರಕ್ತ ತೆಳುವಾಗಿಸೋ ಮಾತ್ರೆ ನಿಲ್ಲಿಸಬಹುದಾ?

ಎಕೋಕಣ್ಣು

ಖಂಡಿತ ಬೇಡ! ಅಬ್ಲೇಶನ್ ಆದ ಮೇಲೆ ಕನಿಷ್ಠ 2–3 ತಿಂಗಳು ಎಲ್ಲರಿಗೂ ಮಾತ್ರೆ. ಆಮೇಲೆ ತೀರ್ಮಾನ ಪಾರ್ಶ್ವವಾಯುವಿನ ಅಪಾಯದ ಅಂಶಗಳ ಮೇಲೆ, ಅಂದರೆ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆದದ್ದು. ಲಯ ಸರಿಯಾಗಿದೆ ಅಂತ ಕಂಡಮಾತ್ರಕ್ಕೆ ಮಾತ್ರೆ ನಿಲ್ಲಿಸೋದಲ್ಲ.

ತಕರಾರು

ಎಲ್ಲರಿಗಿಂತ ಕೆಟ್ಟ ಪ್ರಶ್ನೆ ನನ್ನದು. ಸ್ಕೋರ್ ಬಂತು, 'ಈ ರೋಗಿಗೆ ಮರುಕಳಿಸುವ ಸಾಧ್ಯತೆ ಶೇ 70'. ಏನ್ ಮಾಡ್ತೀರಿ? ಅಬ್ಲೇಶನ್ ಬೇಡ ಅಂತೀರಾ? ಇಎಫ್ ಕಡಿಮೆ ಇದ್ದರೆ ಆಪಲ್ ಒಂದು ಅಂಕ ಹೆಚ್ಚು ಹಾಕುತ್ತೆ, ಅಂದರೆ ಕೆಟ್ಟದ್ದು. ಆದರೆ 2018ರ ಕ್ಯಾಸಲ್-ಎಎಫ್ ನೋಡಿ: ಇಎಫ್ ಶೇ 35 ಅಥವಾ ಕಡಿಮೆ ಇದ್ದವರಲ್ಲಿ ಸಾವು ಅಥವಾ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರೋದು ಅಬ್ಲೇಶನ್ ಗುಂಪಲ್ಲಿ ಶೇ 28.5, ಔಷಧಿ ಗುಂಪಲ್ಲಿ ಶೇ 44.6. ಮರುಕಳಿಕೆ ಹೆಚ್ಚು ಇರೋರಿಗೇ ಲಾಭವೂ ಹೆಚ್ಚು ಇರಬಹುದು. ಕ್ಯಾಮೆರಾ-ಎಂಆರ್‌ಐನಲ್ಲಿ ಬೇರೆ ಕಾರಣ ಸಿಗದ ಹೃದಯ ದೌರ್ಬಲ್ಯ ಇದ್ದವರ ಇಎಫ್ ಅಬ್ಲೇಶನ್ ನಂತರ ಸರಾಸರಿ 18 ಅಂಕ ಏರಿತು, ಔಷಧಿಯಿಂದ ಬಡಿತದ ವೇಗ ಮಾತ್ರ ಹತೋಟಿಯಲ್ಲಿಟ್ಟವರಲ್ಲಿ 4.4. ಯಾರಿಗೆ ಎಎಫ್ ಮತ್ತೆ ಬರುತ್ತೆ ಅನ್ನೋದು ಒಂದು ಪ್ರಶ್ನೆ, ಯಾರಿಗೆ ಅಬ್ಲೇಶನ್‌ನಿಂದ ಒಳ್ಳೇದಾಗುತ್ತೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಮಾಡೆಲ್ ಕಟ್ಟಿ ಎರಡನೆಯದಕ್ಕೆ ಬಳಸಿದರೆ ಅಪಾಯ.

ಮೌನಹೋಲ್ಟರ್

ಅದಕ್ಕೇ ಎಎಫ್ ಹೊರೆ ಅಳೀರಿ ಅನ್ನೋದು: ಒಟ್ಟು ಸಮಯದಲ್ಲಿ ಶೇ ಎಷ್ಟು ಎಎಫ್. ಕ್ಯಾಪ್ಲಾದಲ್ಲಿ ಅರ್ಧದಷ್ಟು ಜನ 'ಸೋತರೂ' ಎರಡೂ ಗುಂಪಿನ ಮಧ್ಯಾಂಕ ಹೊರೆ ಶೇ 0.

ಎಕೋಕಣ್ಣು

ಬದಲಾಗೋ ಅಂಶಗಳನ್ನ ಕಲ್ಲಲ್ಲಿ ಕೆತ್ತಿದ ಹಾಗೆ ನೋಡಬೇಡಿ ಅಂತಲೂ ಸೇರಿಸ್ತೀನಿ. ತೂಕ, ರಕ್ತದೊತ್ತಡ, ಮದ್ಯ, ನಿದ್ದೆಯಲ್ಲಿ ಉಸಿರು ಕಟ್ಟೋದು. 2015ರ ಲೆಗಸಿ ಅಧ್ಯಯನದಲ್ಲಿ ಶೇ 10 ಅಥವಾ ಹೆಚ್ಚು ತೂಕ ಇಳಿಸಿಕೊಂಡವರಿಗೆ ಲಯದೋಷ ಇಲ್ಲದೆ ಉಳಿಯೋ ಸಾಧ್ಯತೆ ಆರು ಪಟ್ಟು. ಅದು ಚೀಟಿ ಎತ್ತಿ ಹಂಚಿದ ಪ್ರಯೋಗ ಅಲ್ಲ, ಸರಿ. ಆದರೂ ಅಬ್ಲೇಶನ್ ದಿನದ ಒಂದು ತೂಕ ಬರೆದು ಬಿಟ್ಟರೆ ಸಾಲದು, ಆರು ತಿಂಗಳ ಹಿಂದಿನದೂ ಬೇಕು.

ಎಫ್‌ಅಲೆ

ಸರಿ, ಸೋಲೊಪ್ಪಿದೆ. ಬೂಸ್ಟಿಂಗ್ ಬಿಟ್ಟೆ. ಭವಿಷ್ಯ ಹೇಳೋ ಗಳಿಗೆ: ಅಬ್ಲೇಶನ್‌ಗೆ ಒಪ್ಪಿಗೆ ಪಡೆಯೋ ದಿನ. ಅಂಶ ಎಂಟು: ವಯಸ್ಸು, ಲಿಂಗ, 12 ತಿಂಗಳು ದಾಟಿದೆಯಾ, ಹೃತ್ಕರ್ಣದ ಗಾತ್ರ, ಇಎಫ್, ಇಜಿಎಫ್‌ಆರ್, ಎಫ್ ಅಲೆಯ ಆವರ್ತ, ತೂಕದ ಬದಲಾವಣೆ. ದಂಡ ಹಾಕಿದ (ಉರು ಹೊಡೆಯದ ಹಾಗೆ ಕಡಿವಾಣ ಹಾಕಿದ) ಕಾಕ್ಸ್ ಮಾಡೆಲ್, ಮರುಕಳಿಸೋವರೆಗಿನ ಸಮಯ ಲೆಕ್ಕ ಹಾಕೋದು. ಎರಡು ಭೇಟಿಗಳ ನಡುವೆ ಯಾವಾಗಲೋ ಮರುಕಳಿಸಿದೆ ಅನ್ನೋ ಅನಿಶ್ಚಿತತೆಗೆ ಅವಧಿ ಸೆನ್ಸರಿಂಗ್. ಎರಡನೇ ಅಬ್ಲೇಶನ್ ಆದವರಲ್ಲಿ ಸಿರೆ ಬೆಸೆದಿತ್ತೋ ಇಲ್ವೋ ಅಂತ ಬೇರೆ ಲೆಕ್ಕ.

ಲೆಕ್ಕದಮನೆ

ಎಯುಸಿ ಒಂದನ್ನೇ ತೋರಿಸಬೇಡಿ, ಕ್ಯಾಲಿಬ್ರೇಶನ್ ಗೆರೆಯನ್ನೂ (ಹೇಳಿದ ಸಾಧ್ಯತೆ ನಿಜಕ್ಕೆ ಹೊಂದುತ್ತಾ ಅನ್ನೋದು) ಹಾಕಿ. ಶೇ 70 ಅಂತ ಹೇಳಿದ ಹತ್ತು ಜನರಲ್ಲಿ ಏಳು ಜನಕ್ಕೆ ಬರಬೇಕು. ಬೂಟ್‌ಸ್ಟ್ರ್ಯಾಪ್‌ನಲ್ಲಿ (ಅದೇ ದತ್ತಾಂಶದಿಂದ ಮತ್ತೆ ಮತ್ತೆ ಮಾದರಿ ಎತ್ತಿ ಪರೀಕ್ಷಿಸೋದು) ಅಂಶ ಆರಿಸೋ ಹಂತದಿಂದಲೇ ಪುನರಾವರ್ತಿಸಿ. ವರದಿಗೆ 2024ರ ಟ್ರೈಪಾಡ್+ಎಐ ಪಟ್ಟಿ ಇದೆ.

ವಿ1ಲೀಡ್

ಒಂದು ಕೊನೇ ವಿಚಾರ. ಅಮಿಯೋಡರೋನ್ ನಿಲ್ಲಿಸಿದ ದಿನಾಂಕ ಬರೆದಿದ್ದೀರಾ? ಅದು ದೇಹದಿಂದ ಅರ್ಧ ಇಳಿಯೋಕೇ ವಾರಗಳು, ತಿಂಗಳುಗಳು ಬೇಕು. ಅಬ್ಲೇಶನ್ ದಿನ 'ನಿಲ್ಲಿಸಿದೆ' ಅಂತ ಬರೆದವರು ಬ್ಲಾಂಕಿಂಗ್ ಮುಗಿದ ಮೇಲೂ ಅದರ ನೆರಳಲ್ಲೇ ಇರ್ತಾರೆ.

ಎಫ್‌ಅಲೆ

ಇಲ್ಲ. 'ಔಷಧಿ: ಹೌದು/ಇಲ್ಲ' ಅಂತ ಅಷ್ಟೇ ಇದೆ. 400 ಫೈಲೂ ಮತ್ತೆ ತೆಗೀಬೇಕು.